ಉದ್ದಚುಕ್ಕಿ ನೋಡುವ ಹೊತ್ತು

ಡಿಸೆಂಬರ್ 5, ಶುಕ್ರವಾರ ಬೆಳಿಗ್ಗೆ

ಮುದ್ದಿನ ಮಗಳಿಗೆ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ, ನಿಮ್ಮಪ್ಪನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬರೆಯಬೇಕು ಬರೆಯಬೇಕು ಅಂದುಕೊಳ್ಳುತ್ತಲೇ ಎರಡು ತಿಂಗಳಾಯಿತು, ಕ್ಷಮಿಸು. ಕೆಲಸವಿತ್ತು ಅನ್ನೋಣವೆಂದರೆ, ನಿವೃತ್ತಿಯಾಗಿ ಆರು ವರ್ಷವಾದವಳಿಗೆ ಏನು ಮಹಾ ಕೆಲಸ ಅಂತ ನೀನೇ ಕೇಳುತ್ತೀಯ. ಫೋನ್ ಮಾಡಬಹುದಿತ್ತು. ಆದರೆ ಈಚೆಗೆ ನಾನು ಫೋನ್ ಮಾಡಿದರೆ "ಹೂಂ ಅಮ್ಮ, ಲ್ಯಾಬ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ, ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವಾದರೆ ನಾನು ಹೇಳಬೇಕಾದದ್ದನ್ನು ಪೂರ್ತಿ ಹೇಳಬಹುದು.

ಮೊದಲು ಮುಖ್ಯವಾದ ಸಮಾಚಾರ. ಇದೇ ಹದಿಮೂರು, ಶನಿವಾರ ಸಂಜೆ, ನೀನೂ ಗುಬ್ಬಿಯೂ ಮನೆಯೊಳಗೆ ಕೂರಬಾರದು. ಆಕಾಶ ನೋಡಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎಲ್ಲಿ, ಯಾವಾಗ, ಹೇಗೆ ಅನ್ನುವುದನ್ನು ಮೊದಲು ಬರೆದುಬಿಡುತ್ತೇನೆ. ಮೂವತ್ತೆರಡು ವರ್ಷ ಅಳತೆ ತೂಕದ ಇನ್ಸ್‌ಪೆಕ್ಟರ್ ಆಗಿದ್ದವಳು ನಾನು, ಬರೀ ಅಂದಾಜಿನ ಮೇಲೆ ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ.

ನಿಮ್ಮ ಮನೆಯ ಮಹಡಿ ಬೇಡ, ಎದುರಿನ ಪೆಟ್ರೋಲ್ ಬಂಕಿನ ದೀಪ ಕಣ್ಣಿಗೆ ಹೊಡೆಯುತ್ತದೆ. ಗುಬ್ಬಿಯ ಶಾಲೆಯ ಹಿಂದೆ ಆಟದ ಮೈದಾನ ಇದೆಯಲ್ಲ, ಅಲ್ಲಿಗೆ ಹೋಗಿ. ಕಾವಲುಗಾರನಿಗೆ ಮುಂಚೆಯೇ ಹೇಳಿಡು, ಇಲ್ಲದಿದ್ದರೆ ಅವನು ಟಾರ್ಚ್ ಹಿಡಿದು ಬಂದು ನಿಮ್ಮ ಮುಖಕ್ಕೇ ಬಿಡುತ್ತಾನೆ. ಮೈದಾನದ ನಟ್ಟನಡುವೆ ಬೀದಿದೀಪ ಕಾಣುತ್ತದೆ. ಪಶ್ಚಿಮದ ಗೋಡೆಯ ನೆರಳಿನಲ್ಲಿ ಚಾಪೆ ಹಾಸಿಕೊಳ್ಳಿ. ಆರೂಮುಕ್ಕಾಲಿಗೆಲ್ಲ ಮಲಗಿಬಿಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋದಕ್ಕೆ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷದಲ್ಲಿ ಒಂದು ಸಲ ಫೋನ್ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು, ಹೇಳಿರುತ್ತೇನೆ.

ಪೂರ್ವದಲ್ಲಿ ಸಾಲಾಗಿ ಮೂರು ಚುಕ್ಕಿ ಆಗಲೇ ಮೇಲೆ ಬಂದಿರುತ್ತವೆ, ಅವು ಯಾರಿಗಾದರೂ ಸಿಗುತ್ತವೆ. ಅಲ್ಲಿಂದ ಎಡಕ್ಕೆ ಬಾ. ಈಶಾನ್ಯದ ಅಂಚಿನಲ್ಲಿ ಏಳೂವರೆ ಸುಮಾರಿಗೆ ಮಿಥುನ ರಾಶಿಯ ಜೋಡಿ ಚುಕ್ಕಿ ಹುಟ್ಟುತ್ತವೆ. ಅವತ್ತಿನ ಉಲ್ಕೆಗಳೆಲ್ಲ ಬರುವ ಬಾಗಿಲು ಅದು. ಹಾಗಂತ ಬಾಗಿಲನ್ನೇ ದಿಟ್ಟಿಸಿಕೊಂಡು ಕೂರಬೇಡಿ. ಕಾಲನ್ನು ಈಶಾನ್ಯಕ್ಕೆ ಚಾಚಿ, ಅಂಗಾತ ಮಲಗಿ, ನೆತ್ತಿಯ ಮೇಲಿನ ಆಕಾಶವನ್ನು ಸುಮ್ಮನೆ ನೋಡುತ್ತಿರಿ. ಚಂದ್ರನ ಕಾಟವಿಲ್ಲ, ಅವನು ಹುಟ್ಟುವುದು ನಡುರಾತ್ರಿ ದಾಟಿದ ಮೇಲೆ.

ಏಳರಿಂದ ಎಂಟೂವರೆ, ಇಷ್ಟೇ ಹೊತ್ತು. ಬಾಗಿಲು ಮೇಲೇರಿದ ಹಾಗೆ ಉಲ್ಕೆಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ಅವೆಲ್ಲ ಚುಟುಕು; ಪಟ್ಟಂತ ಗೀರಿ ಆರಿಹೋಗುತ್ತವೆ. ನಾನು ಹೇಳುತ್ತಿರುವುದು ಬೇರೆ ಜಾತಿ. ಬಾಗಿಲು ಇನ್ನೂ ಆಕಾಶದ ಅಂಚಿನಲ್ಲೇ ಇರುವಾಗ ಬರುವವು ನಮ್ಮ ಕಡೆಗೆ ಬೀಳುವುದಿಲ್ಲ. ಭೂಮಿಯ ಗಾಳಿಯ ಮೇಲ್ಪದರವನ್ನು ಸವರಿಕೊಂಡು ಅಡ್ಡಡ್ಡ ಹೋಗುತ್ತವೆ, ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದ ಹಾಗೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ನಿಧಾನವಾಗಿ, ಬಣ್ಣದ ಬಾಲ ಎಳೆದುಕೊಂಡು. ಗಂಟೆಗೆ ಒಂದು ಕಂಡರೆ ನಮ್ಮ ಪುಣ್ಯ. ಒಂದೂ ಕಾಣದಿದ್ದರೆ ಬೈದುಕೊಂಡು ಮನೆಗೆ ಹೋಗುವುದು.

ಇಷ್ಟು ಓದಿ ನೀನು ಕಾಗದ ಕೆಳಗಿಟ್ಟಿರುತ್ತೀಯ, ಗೊತ್ತು. ಎತ್ತಿಕೋ.

ಹೌದು, ಉದ್ದಚುಕ್ಕಿ. ಇಪ್ಪತ್ತೆಂಟು ವರ್ಷದಿಂದ ನಮ್ಮ ಮನೆಯಲ್ಲಿ ಸುಳ್ಳಿಗೆ ಅದೇ ಹೆಸರು. ನಿನ್ನ ತಮ್ಮ ಪರೀಕ್ಷೆ ಚೆನ್ನಾಗಿ ಬರೆದೆ ಅಂದರೆ "ಉದ್ದಚುಕ್ಕಿ ಬಿಡಬೇಡ". ನಿಮ್ಮಪ್ಪ ಇನ್ನೈದು ನಿಮಿಷದಲ್ಲಿ ಬಂದೆ ಅಂದರೆ "ಈ ಚುಕ್ಕಿ ಎಷ್ಟು ಉದ್ದ ರೀ?" ಹೊರಗಿನವರಿಗೆ ತಿಳಿಯದ, ನಮಗಷ್ಟೇ ನಗು ತರುವ ಮಾತು ಅಂತ ನನಗೆ ಹೆಮ್ಮೆ ಬೇರೆ. ಅದು ಹುಟ್ಟಿದ್ದು ಒಂಬತ್ತು ವರ್ಷದ ನಿನ್ನ ಬಾಯಲ್ಲಿ ಅನ್ನುವುದು ಅಪ್ಪನಿಗೂ ತಮ್ಮನಿಗೂ ಮರೆತೇ ಹೋಗಿತ್ತು. ನಿನಗೆ ಮರೆತಿರಲಿಲ್ಲ.

ಅಕ್ಟೋಬರಿನಲ್ಲಿ ನೀವು ಬಂದಿದ್ದಾಗ ಗುಬ್ಬಿ ಓಡಿಬಂದು, ಕೆಳಗಿನ ಮನೆಯ ನಾಯಿ ತಾನೇ ಮೂತಿಯಿಂದ ಗೇಟಿನ ಚಿಲಕ ಎತ್ತಿ ಹೊರಗೆ ಹೋಯಿತು ಅಂದಳು. ನಾನು ನಕ್ಕು, "ನೋಡೇ, ನಿನ್ನ ಮಗಳೂ ಉದ್ದಚುಕ್ಕಿ ಬಿಡೋಕೆ ಕಲಿತಳು" ಅಂದೆ. "ಹಂಗಂದ್ರೆ ಏನಜ್ಜಿ?" ಅಂತ ಮಗು ಕೇಳಿತು. "ಸುಳ್ಳು ಅಂತ" ಅಂದೆ. ನೀನು ಲೋಟ ಕೆಳಗಿಟ್ಟೆ. ಎರಡು ದಿನ ಇರಬೇಕಾದವಳು ಅವತ್ತಿನ ಸಂಜೆ ಬಸ್ಸಿಗೇ ಹೊರಟೆ. ಮೆಟ್ಟಿಲ ಮೇಲೆ ನಿಂತು, "ಅಮ್ಮ, ಆ ಮಾತು ನನ್ನ ಹತ್ರಾನೇ ನಿಂತುಹೋಗಲಿ ಅಂತಿದ್ದೆ. ಈ ಸಲ ರಜೆಗೆ ಅವಳನ್ನ ಕಳಿಸಲ್ಲ" ಅಂದೆ. ಏನಾಯ್ತೇ ಅವಳಿಗೆ ಅಂತ ನಿಮ್ಮಪ್ಪ ಕೇಳಿದರೆ, ಮೂಗಿನ ತುದಿಯಲ್ಲೇ ಕೋಪ, ನಿಮ್ಮ ಮಗಳಲ್ವಾ ಅಂದುಬಿಟ್ಟೆ. ಅಂದಹಾಗೆ ಆ ನಾಯಿ ನಿಜವಾಗಿಯೂ ಚಿಲಕ ಎತ್ತುತ್ತದೆ, ಹೋದ ವಾರ ನಾನೇ ನೋಡಿದೆ. ಗುಬ್ಬಿಗೆ ಹೇಳು.

ನಿನಗೆ ಒಂಬತ್ತು ವರ್ಷವಿದ್ದಾಗಿನ ಆ ಸಂಜೆಯದನ್ನು ನಾನೇ ಒಮ್ಮೆ ಬರೆದುಬಿಡುತ್ತೇನೆ, ಯಾರೂ ಸರಿಯಾಗಿ ಹೇಳಿದ್ದಿಲ್ಲ. ಆಫೀಸಿನ ಹನ್ನೆರಡು ಜನರನ್ನು ಮನೆಗೆ ಕರೆದಿದ್ದೆ, ಹೊಸದಾಗಿ ಬಂದ ಮೇಲಧಿಕಾರಿಯೂ ಸೇರಿ. ಉಲ್ಕಾವೃಷ್ಟಿ ನಡುರಾತ್ರಿಯ ನಂತರ ಹೆಚ್ಚು ಅಂತ ಪತ್ರಿಕೆಯಲ್ಲಿ ಬಂದಿತ್ತು. ನಾನು ಆ "ಹೆಚ್ಚು" ಅನ್ನುವುದನ್ನು "ಮಾತ್ರ" ಅಂತ ಓದಿಕೊಂಡಿದ್ದೆ. ನಡುರಾತ್ರಿಗೆ ಮೊದಲು ಒಂದೂ ಇಲ್ಲ, ಅಲ್ಲಿಯವರೆಗೆ ಹರಟೆ ಹೊಡೆಯೋಣ ಅಂತ ಹಾಲ್‌ನಲ್ಲಿ ಎಲ್ಲರಿಗೂ ಪಾಠ ಮಾಡಿದ್ದೆ. ಏಳೂಕಾಲಿಗೆ ನೀನು ಮಹಡಿಯಿಂದ ಮೆಟ್ಟಿಲು ಹಾರಿಕೊಂಡು ಬಂದೆ. "ಉದ್ದದ ಚುಕ್ಕಿ ಅಮ್ಮ! ಆ ಮೂಲೆಯಿಂದ ಈ ಮೂಲೆಗೆ! ನಿಧಾನಕ್ಕೆ ಹೋಯ್ತು, ಹಳದಿ ಇತ್ತು, ಆಮೇಲೆ ಹಸಿರಾಯ್ತು!" ಮೇಲಧಿಕಾರಿ "ಚುಕ್ಕಿ ಬೀಳುತ್ತೆ ಪುಟ್ಟಿ, ವಾಕಿಂಗ್ ಹೋಗಲ್ಲ" ಅಂದರು. ಇಡೀ ಹಾಲ್ ನಕ್ಕಿತು. ನೀನು ಬಿಡಲಿಲ್ಲ, ನೋಡಿದೆ ಅಂದರೆ ನೋಡಿದೆ ಅಂದೆ. ನಾನು ನಿನ್ನ ಎರಡೂ ಭುಜ ಹಿಡಿದುಕೊಂಡು "ಸುಳ್ಳು ಹೇಳಿದೆ, ತಪ್ಪಾಯ್ತು" ಅಂತ ಎಲ್ಲರ ಮುಂದೆ ಹೇಳು ಅಂದೆ. ಮೂರನೇ ಸಲ ಗದರಿದಾಗ ಹೇಳಿದೆ. ಹತ್ತು ಗಂಟೆಗೆ ಮೋಡ ಮುಚ್ಚಿಕೊಂಡು, ಏನೂ ಕಾಣದೆ, ಬಂದವರೆಲ್ಲ ಚಪ್ಪಲಿ ಹುಡುಕಿಕೊಂಡು ಹೊರಟರು. ಅವತ್ತು ಆ ಮನೆಯಲ್ಲಿ ಏನಾದರೂ ಕಂಡಿದ್ದು ನಿನ್ನೊಬ್ಬಳಿಗೇ.

ಮೊನ್ನೆ ಭಾನುವಾರ ನಮ್ಮ ಬೀದಿಯ ಗ್ರಂಥಾಲಯದಲ್ಲಿ ನಿವೃತ್ತ ವಿಜ್ಞಾನದ ಟೀಚರ್ ಒಬ್ಬರು ಉಲ್ಕೆಗಳ ಬಗ್ಗೆ ಮಾತಾಡಿದರು. ನಾನು ಹೋಗಿದ್ದು ಪತ್ರಿಕೆ ಓದೋಕೆ. ಆ ಸವರಿಕೊಂಡು ಹೋಗುವ ಉಲ್ಕೆಗಳ ವಿಷಯ ಬಂದಾಗ ಕನ್ನಡಕ ತೆಗೆದು ಮಡಿಚಿಟ್ಟೆ. ಮಾತು ಮುಗಿದ ಮೇಲೆ ಹತ್ತಿರ ಹೋಗಿ, ಇದೇ ಹದಿಮೂರನೇ ತಾರೀಖು, ಸಂಜೆ ಏಳೂಕಾಲು, ಹೀಗೆ ಹೀಗೆ ಕಂಡಿತು ಅಂತ ಒಂಬತ್ತು ವರ್ಷದ ಮಗು ಹೇಳಿದರೆ ನಂಬಬಹುದಾ ಅಂದೆ. "ನಂಬಬಹುದಾ ಅಂದ್ರೆ? ಅದೇ ರೀ ಅದು!" ಅಂದರು. "ನಲವತ್ತು ವರ್ಷದಲ್ಲಿ ನನಗೆ ಕಂಡಿರೋದೇ ಮೂರು. ಯಾರು ಆ ಮಗು?" ಅಂತ ಕೇಳಿದರು. ಗೊತ್ತಿರೋ ಹುಡುಗಿ ಅಂದೆ. ನನ್ನ ಮಗಳು ಅನ್ನೋಕೆ ಬಾಯಿ ಬರಲಿಲ್ಲ.

ನಿನಗೊಂದು ಅಭ್ಯಾಸವಿದೆ, ಗೊತ್ತಾ? ಏನು ಹೇಳಿದರೂ ಕೊನೆಗೆ "ಅನ್ಸುತ್ತೆ" ಸೇರಿಸುತ್ತೀಯ. ಮಳೆ ಬರ್ತಿದೆ ಅನ್ಸುತ್ತೆ. ಮದುವೆಗೆ ಒಪ್ಪಿದಾಗಲೂ "ಒಳ್ಳೆಯವರು ಅನ್ಸುತ್ತೆ" ಅಂದಿದ್ದೆ, ಪಾಪ ಅಳಿಯಂದಿರು ಎದುರಿಗೇ ಕೂತಿದ್ದರು. ಲ್ಯಾಬ್‌ನಲ್ಲಿ ಎಲ್ಲರೂ ಒಂದು ಸಲ ನೋಡುವ ರಕ್ತದ ಸ್ಲೈಡನ್ನು ನೀನು ಮೂರು ಸಲ ನೋಡಿ ವರದಿ ಬರೆಯುತ್ತೀಯಂತೆ. ಎಚ್ಚರಿಕೆಯ ಹುಡುಗಿ, ನನ್ನ ಮಗಳು ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದೆ. ಅದು ಎಚ್ಚರಿಕೆಯಲ್ಲ, ಹೆದರಿಕೆ ಅಂತ ಗ್ರಂಥಾಲಯದಿಂದ ಮನೆಗೆ ನಡೆದು ಬರುವಾಗ ಹೊಳೆಯಿತು.

ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು. ಅಂಗಡಿಯ ತೂಕದ ಕಲ್ಲಿಗೆ ಒಮ್ಮೆ ಮುದ್ರೆ ಹಾಕಿದರೆ ಮುಗಿಯಲಿಲ್ಲ; ಅವಧಿಗೆ ಸರಿಯಾಗಿ ಅದನ್ನು ಮತ್ತೆ ತರಿಸಿ ತೂಗಬೇಕು. ಕಲ್ಲು ಸವೆದಿರುತ್ತದೆ, ಅಥವಾ ಮುದ್ರೆ ಹಾಕಿದವನೇ ತಪ್ಪಿರುತ್ತಾನೆ. ಊರಿನ ತಕ್ಕಡಿಗಳನ್ನೆಲ್ಲ ಮತ್ತೆ ಮತ್ತೆ ಪರೀಕ್ಷೆ ಮಾಡಿದವಳು, ನಿನ್ನ ಮೇಲೆ ಹಾಕಿದ ಮುದ್ರೆಯನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೆ ಗೊತ್ತಿರಲಿಲ್ಲ ಮಗಳೇ, ವಿಜ್ಞಾನ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ನೀನು ಹೇಳಿದ್ದು ಅಕ್ಷರಶಃ ನಿಜ. ತಪ್ಪು ನನ್ನದು.

ಅದಕ್ಕೇ ಹದಿಮೂರಕ್ಕೆ ಗುಬ್ಬಿಯನ್ನು ಕರೆದುಕೊಂಡು ಹೋಗು. ಉದ್ದಚುಕ್ಕಿ ಅಂದರೆ ಏನು ಅಂತ ಅವಳು ಆಕಾಶದಲ್ಲಿ ನೋಡಿ ಕಲಿಯಲಿ. ನಾವೂ ಇಲ್ಲಿ ನೋಡುತ್ತೇವೆ, ಮಂಡಿಯನ್ನು ಹೇಗಾದರೂ ಒಪ್ಪಿಸಿ ನಿಮ್ಮಪ್ಪನನ್ನು ಮಹಡಿಗೆ ಹತ್ತಿಸುತ್ತೇನೆ. ಎಲ್ಲರೂ ಬೆಚ್ಚಗಿರಿ, ನೂರು ಕಾಲ ಚೆನ್ನಾಗಿರಿ.

ನಿನ್ನ
ಅಮ್ಮ

ಕೊನೆಯದಾಗಿ ಒಂದು ಮಾತು: ಗುಬ್ಬಿಯನ್ನು ರಜೆಗೆ ಕಳಿಸು ಅಂತ ನಾನು ಕೇಳುತ್ತಿಲ್ಲ. ಕೇಳುತ್ತಿಲ್ಲ ಅಂತಲೇ ಎರಡು ಸಲ ಬರೆದು, ಚೆನ್ನಾಗಿ ಕಾಣಲಿಲ್ಲವೆಂದು ಹಾಳೆ ಬದಲಾಯಿಸಿದ್ದೇನೆ.

*

ಡಿಸೆಂಬರ್ 15, ಸೋಮವಾರ ಮಧ್ಯಾಹ್ನ

ಮಗಳೇ,

ಈ ಸಲ ತಡ ಮಾಡಲಿಲ್ಲ ನೋಡು. ಮಾಡಿದ್ದು ಒಂದೇ ದಿನ; ನಿನ್ನೆ ಬರೆಯೋಕೆ ಕೂತು, ಏಳು ಸಲ ಎದ್ದು, ಕೊನೆಗೆ ಬಟ್ಟೆ ಇಸ್ತ್ರಿ ಮಾಡಿ ಮಲಗಿದೆ. ಕ್ಷಮಿಸು.

ನಿನ್ನ ಕಾರ್ಡ್ ಶುಕ್ರವಾರವೇ ಬಂತು. ನಾಲ್ಕೇ ನಾಲ್ಕು ಸಾಲು! ನಾನು ಅಷ್ಟು ಪುಟ ಬರೆದಿದ್ದಕ್ಕೆ ನಾಲ್ಕು ಸಾಲು. ಹದಿಮೂರಕ್ಕೆ ಹೋಗ್ತೀವಿ ಅಂತ ಒಂದು ಸಾಲು. ಆಮೇಲೆ, "ಅವತ್ತು ನಾನು ಕೆಳಗೆ ಬಂದು ಹೇಳಿದಾಗ ಎಲ್ಲರೂ ನಕ್ಕರು. ನೀನೊಬ್ಬಳು ನಗಲಿಲ್ಲ. ನಾನು ಮಹಡಿಯಲ್ಲಿದ್ದಾಗ ನೀನು ಎಲ್ಲಿದ್ದೆ ಅಮ್ಮ?" ಅಂತ ಮೂರು ಸಾಲು. ಅದಕ್ಕೆ ಬರುತ್ತೇನೆ.

ಶನಿವಾರದ ವರದಿ ಮೊದಲು. ಆರೂವರೆಗೆ ನಿಮ್ಮಪ್ಪನನ್ನು ಹಿಂದಿನಿಂದ ತಳ್ಳಿ ಮಹಡಿ ಹತ್ತಿಸಿದೆ. ಮೇಲಿನ ದೀಪ ಆರಿಸಿದೆ. ಚಾಪೆ, ಎರಡು ಕಂ‌ಬಳಿ, ಫ್ಲಾಸ್ಕಿನಲ್ಲಿ ಚಹಾ. ಏಳು ಹತ್ತಕ್ಕೆ ನಿಮ್ಮಪ್ಪ "ಒಂದು ನಿಮಿಷ ಕಣ್ಣು ಮುಚ್ಚಿದ್ರೆ ಪರವಾಗಿಲ್ವಾ?" ಅಂದರು, ಏಳು ಹನ್ನೊಂದಕ್ಕೆ ಗೊರಕೆ. ನಾನೊಬ್ಬಳೇ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಮೂರು ಚುಕ್ಕಿ ಬಂತು. ಜೋಡಿ ಚುಕ್ಕಿಯ ಜಾಗದಲ್ಲಿ ನೆರೆಮನೆಯವರ ನೀರಿನ ಟ್ಯಾಂಕ್ ಇತ್ತು, ಆದರೂ ಏಳೂಮುಕ್ಕಾಲಿಗೆ ಅದರ ನೆತ್ತಿಯ ಮೇಲೆ ಇಣುಕಿದವು. ಚುಟುಕು ಉಲ್ಕೆ ನಾಲ್ಕು ಕಂಡವು. ಉದ್ದದ್ದು ಒಂದೂ ಇಲ್ಲ.

ಏಳು ಐವತ್ತೆರಡಕ್ಕೆ ಫೋನ್ ಬಂತು. ಬೆಳಕು ಕಣ್ಣಿಗೆ ಬೀಳಬಾರದೆಂದು ನಿಮ್ಮಪ್ಪನ ಕಂಬಳಿಯೊಳಗೆ ತಲೆ ತೂರಿಸಿ ಎತ್ತಿಕೊಂಡರೆ ಗುಬ್ಬಿಯ ಕಿರುಚಾಟ. "ಅಜ್ಜೀ! ಆ ಕಡೆ ಮರದಿಂದ ಬಂತು, ನಮ್ಮ ಮೇಲೇ ಹೋಯ್ತು, ಗೋಡೆ ಆಚೆ ತನಕ! ಮುಗಿಯೋದೇ ಇಲ್ಲ ಅಂತ ಹೋಯ್ತು!" ಮಾತಾಡೋಕೆ ನನಗೆ ಸಂದು ಸಿಕ್ಕಿದ್ದೇ ಎರಡು ನಿಮಿಷದ ಮೇಲೆ. "ನೀನೂ ನೋಡಿದ್ಯಾ ಅಜ್ಜಿ?" ಇಲ್ಲಮ್ಮ ಅಂದೆ. "ಮತ್ತೆ ನಂಬ್ತೀಯಾ?" ನಂಬ್ತೀನಿ ಅಂದೆ. "ನೋಡ್ದೇನೇ?" "ನೀನು ಹೇಳಿದ್ಯಲ್ಲ, ಸಾಕು." ಅವಳಿಗೆ ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ, ಫೋನ್ ನಿನ್ನ ಕೈಗೆ ಕೊಟ್ಟು ಓಡಿದಳು.

ನೀನು "ಅಮ್ಮ, ನಾನೂ ನೋಡಿದೆ. ಅದೇ. ಅವತ್ತಿನ ಥರಾನೇ" ಅಂದೆ. ಅನ್ಸುತ್ತೆ ಅನ್ನಲಿಲ್ಲ. ನಾನು ಕಂಬಳಿಯೊಳಗೇ ಅತ್ತುಬಿಟ್ಟೆ, ನಿಮ್ಮಪ್ಪ ಎಚ್ಚರವಾಗಿ "ಕಂಡಿತಾ? ಎಷ್ಟು ಉದ್ದ?" ಅಂದರು. ರಜೆಯ ವಿಷಯ ನಾನು ಎತ್ತಲಿಲ್ಲ, ನೀನೇ ಎತ್ತಿದೆ. "ಇಪ್ಪತ್ತನಾಲ್ಕಕ್ಕೆ ಕಳಿಸೋಣ ಅಂತಿದ್ದೀನಿ. ಮೊದಲು ನನ್ನ ಪ್ರಶ್ನೆಗೆ ಉತ್ತರ ಬರಿ" ಅಂದೆ.

ಉತ್ತರ ಏನಿದೆ ಅದರಲ್ಲಿ. ಅಡುಗೆಮನೆಯಲ್ಲಿದ್ದೆ. ಹನ್ನೆರಡು ಜನಕ್ಕೆ ಚಹಾ ಇಟ್ಟಿದ್ದೆ, ಹಾಲು ಉಕ್ಕುತ್ತಿತ್ತು, ನಗೋದಕ್ಕೆ ಪುರಸೊತ್ತೆಲ್ಲಿ. ನೀನು ಕೂಗಿಕೊಂಡು ಬಂದಾಗ ಒಲೆಯ ಮುಂದೆಯೇ ನಿಂತಿದ್ದೆನಲ್ಲ, ನೀನೇ ನೋಡಿದ್ದೀಯ.

ಗುಬ್ಬಿಗೆ ನಿನ್ನ ಹಳೆಯ ಕೋಣೆ ತೆರವು ಮಾಡಿಸಿದ್ದೇನೆ. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದ್ದೇವೆ, ಹೊಸ ದಿಂಬು ತಂದಿದ್ದೇವೆ. ನಾಯಿಯ ಮನೆಯವರಿಗೂ ಹೇಳಿಟ್ಟಿದ್ದೇನೆ, ಇನ್ನೊಂದು ಚಿಲಕ ಹಾಕಿಸಬೇಡಿ, ನೋಡೋಕೆ ಒಬ್ಬಳು ಬರ್ತಾಳೆ ಅಂತ. ನಿನಗೆ ಒಳ್ಳೆಯದಾಗಲಿ ಮಗಳೇ. ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮ ಮನೆ ತುಂಬಿರಲಿ, ಕೈ ನಡೆಯಲಿ, ಕಣ್ಣು ಚೆನ್ನಾಗಿರಲಿ.

ನಿನ್ನ
ಅಮ್ಮ

ಇದನ್ನೂ ಓದು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಅಡುಗೆಮನೆಯಲ್ಲಿದ್ದೆ ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಅದನ್ನು ಹೊಡೆದುಹಾಕುವುದಿಲ್ಲ, ಇವತ್ತಿಗೂ ನಾನು ಎಷ್ಟು ಸುಲಭವಾಗಿ ಹೇಳುತ್ತೇನೆ ಅಂತ ನಿನಗೆ ಕಾಣಲಿ. ಒಣಗಿದ ಬಟ್ಟೆ ತರೋಣವೆಂದು ನಾನು ಮಹಡಿಯ ಕೊನೆಯ ಮೆಟ್ಟಿಲಿಗೆ ಬಂದಿದ್ದೆ. ಬಾಗಿಲು ಅರ್ಧ ತೆರೆದಿತ್ತು. ನೀನು ನನಗೆ ಬೆನ್ನು ಹಾಕಿ ನಿಂತಿದ್ದೆ. ಅದು ನಿನ್ನ ತಲೆಯ ಮೇಲೆ ಹಾದು ಹೋಯಿತು, ಮೊದಲು ಹಳದಿ, ಆಮೇಲೆ ಹಸಿರು. ನೀನು ನೋಡಿದಷ್ಟನ್ನೂ ನಾನು ನೋಡಿದೆ. ಅದೇನು ಅಂತ ತಿಳಿಯಲಿಲ್ಲ, ಕೆಳಗೆ ಅಷ್ಟು ಜನರಿಗೆ ಏನೂ ಕಾಣುವುದಿಲ್ಲ ಅಂತ ಹೇಳಿ ಬಂದಿದ್ದೆ. ಬಟ್ಟೆ ತೆಗೆದುಕೊಳ್ಳದೆ ಇಳಿದು ಹೋಗಿ ಒಲೆಯ ಮುಂದೆ ನಿಂತೆ. ನೀನು ಬಂದು ಕೂಗಿದಾಗ, ಹೌದು ನಾನೂ ನೋಡಿದೆ ಅನ್ನೋದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಎಲ್ಲರೂ ನಿನ್ನನ್ನು ನೋಡಿ ನಗುತ್ತಿದ್ದರು. ನನ್ನನ್ನು ನೋಡಿ ನಗುವುದು ನನಗೆ ಬೇಕಿರಲಿಲ್ಲ. ನನ್ನ ಕಣ್ಣಾರೆ ಕಂಡದ್ದನ್ನು ನಿನ್ನ ಬಾಯಿಂದ ಸುಳ್ಳು ಅನ್ನಿಸಿದೆ. ವಿಜ್ಞಾನ ಗೊತ್ತಿರಲಿಲ್ಲ ಅಂತ ಹೋದ ಕಾಗದದಲ್ಲಿ ಬರೆದೆ. ನಿನ್ನನ್ನು ನಂಬೋದಕ್ಕೆ ನನಗೆ ಯಾವ ವಿಜ್ಞಾನವೂ ಬೇಕಿರಲಿಲ್ಲ. ಇದನ್ನು ನಿಮ್ಮಪ್ಪನಿಗೂ ಇವತ್ತೇ ಹೇಳುತ್ತೇನೆ. ನೀನು ಗುಬ್ಬಿಗೆ ಓದಿ ಹೇಳು, ಒಂದು ಮಾತೂ ಬಿಡದೆ. ಪೂರ್ತಿ ಕೇಳಿಸಿಕೊಂಡ ಮೇಲೂ ಅವಳು ಅಜ್ಜಿ ಮನೆಗೆ ಹೋಗ್ತೀನಿ ಅಂದರೆ, ಕಳಿಸು.